ಸೊನ್ನೆಗೆ ಕೊಟ್ಟ ರಕ್ತ

ನಮ್ಮ ಲ್ಯಾಬಿನಲ್ಲಿ ಆರೋಗ್ಯ ಎಂದರೆ ನನ್ನ ಅತ್ತಿಗೆ. ಹೊಗಳಿಕೆಯ ಮಾತಲ್ಲ, ಅಲ್ಲಿ ಕೆಲಸ ನಡೆಯುತ್ತಿದ್ದ ರೀತಿಯೇ ಹಾಗಿತ್ತು.

ನಾವು ತಯಾರಿಸುತ್ತಿದ್ದುದು ಬೆರಳುದ್ದದ ಸ್ಟ್ರಿಪ್ಪು. ಅದರ ತುದಿಯಲ್ಲಿ ಇಂಗಾಲದ ಕಪ್ಪು ಚುಕ್ಕಿ, ಚುಕ್ಕಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು, ಕಣಗಳಿಗೆ ಅಂಟಿಕೊಂಡ ಆಂಟಿಬಾಡಿಗಳು. ಅಂಡಾಶಯದಲ್ಲಿ ಕೆಟ್ಟ ಗೆಡ್ಡೆ ಬೆಳೆಯತೊಡಗಿದರೆ ರಕ್ತದಲ್ಲಿ ಒಂದು ಪ್ರೋಟೀನು ಹೆಚ್ಚುತ್ತದೆ. ಆಂಟಿಬಾಡಿಗಳು ಅದನ್ನು ಹಿಡಿದುಕೊಳ್ಳುತ್ತವೆ. ಹಿಡಿದಷ್ಟೂ ವಿದ್ಯುತ್ತಿಗೆ ದಾರಿ ಮುಚ್ಚುತ್ತದೆ. ಪರದೆಯ ಮೇಲೆ ಹಸಿರು ಗೆರೆಯೊಂದು ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಗುಡ್ಡ ಎತ್ತರವಿದ್ದರೆ ಒಳ್ಳೆಯದು, ಕುಗ್ಗಿದರೆ ಕೆಟ್ಟದ್ದು. ವಿಜ್ಞಾನ ಅಷ್ಟೇ. ಉಳಿದದ್ದೆಲ್ಲ ತಾಳ್ಮೆ.

ಆದರೆ ಎಷ್ಟು ಎತ್ತರವಿದ್ದರೆ ಒಳ್ಳೆಯದು ಎಂದು ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕಲ್ಲ? ಸ್ಟ್ರಿಪ್ಪುಗಳ ಪ್ರತಿ ಹೊಸ ಬ್ಯಾಚಿಗೂ ಆರೋಗ್ಯವಂತರ ಒಂದು ಹನಿ ರಕ್ತ ಬೇಕು. ಆ ರಕ್ತದ ಗುಡ್ಡವೇ ಸೊನ್ನೆ. ಸೊನ್ನೆ ಎಂದರೆ ರೋಗವಿಲ್ಲ. ಹೊರಗಿನಿಂದ ತರಿಸುವ ರಕ್ತಕ್ಕೆ ಕಾಯುತ್ತ ಕೂತರೆ ಕೆಲಸ ನಿಂತುಹೋಗುತ್ತಿತ್ತು. ಹಾಗಾಗಿ ಸ್ಟ್ರಿಪ್ಪು ಮಾಡಿದವರೇ ಬೆರಳು ಚುಚ್ಚಿಕೊಳ್ಳುವುದು ರೂಢಿಯಾಯಿತು. ಸ್ಟ್ರಿಪ್ಪು ಮಾಡುತ್ತಿದ್ದವರು ಅತ್ತಿಗೆ. ನೆಗಡಿ ಎಂದು ಕೂಡ ಒಂದು ದಿನ ರಜೆ ಹಾಕಿದವರಲ್ಲ. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಸೊನ್ನೆಯಮ್ಮ ಎನ್ನುತ್ತಿದ್ದರು. ಮನೆಯಲ್ಲಿ ಅಣ್ಣನೂ ಆಗಾಗ ಹಾಗೇ ಕರೆದು ಬೈಸಿಕೊಳ್ಳುತ್ತಿದ್ದ.

ಬೇಸಿಗೆಯಿಂದೀಚೆಗೆ ಸೊನ್ನೆ ಜಾರತೊಡಗಿತ್ತು. ಪ್ರತಿ ಬ್ಯಾಚಿನಲ್ಲೂ ಗುಡ್ಡ ಹಿಂದಿನದಕ್ಕಿಂತ ಒಂದು ಕೂದಲೆಳೆ ಗಿಡ್ಡ. ಲ್ಯಾಬಿನ ಮುಖ್ಯಸ್ಥರು ಪಾಠ ಹೇಳುವುದನ್ನು ಬಿಟ್ಟು ಬಹಳ ಕಾಲವಾಗಿದ್ದರೂ ನಮಗೆಲ್ಲ ಮೇಷ್ಟ್ರೇ. ಅವರು ಚಿನ್ನದ ಮೇಲೆ ಸಿಟ್ಟಾದರು. "ಚಿನ್ನಕ್ಕೆ ಮುಪ್ಪು ಬಂದಿದೆ," ಎಂದರು. ಚಿನ್ನ ಬದಲಾಯಿತು. ಗಾಳಿಯಲ್ಲಿ ತೇವವಿದೆ ಎಂದು ಏಸಿ ಬದಲಾಯಿತು. ಬಾಗಿಲಿನ ರಬ್ಬರು ಕೂಡ. ಗುಡ್ಡ ಮಾತ್ರ ಕುಗ್ಗುತ್ತಲೇ ಹೋಯಿತು. ಪ್ರತಿ ಸಲವೂ ಮೇಷ್ಟ್ರು ಕೀಲಿಮಣೆಯ ಮುಂದೆ ಕೂತು ಅದನ್ನು ಹಳೆಯ ಎತ್ತರಕ್ಕೆ ಎಳೆದು ನಿಲ್ಲಿಸುತ್ತಿದ್ದರು. ಆಮೇಲೆ ಯಾರ ರಕ್ತ ಇಟ್ಟರೂ ಯಂತ್ರ ಅಷ್ಟೇ ಮೇಲಕ್ಕೆ ಎಳೆದು ತೋರಿಸುತ್ತಿತ್ತು. ಇದಕ್ಕೆ ನಮ್ಮಲ್ಲಿ ಸರಿಮಾಡುವುದು ಎಂದು ಹೆಸರು.

ನಮ್ಮ ಸ್ಟ್ರಿಪ್ಪನ್ನು ಪರೀಕ್ಷಿಸಲು ಒಪ್ಪಿದ್ದ ಆಸ್ಪತ್ರೆಯವರು, ಹೊರಗಿನ ರಕ್ತದಲ್ಲೂ ಒಮ್ಮೆ ತೋರಿಸಿ ಎಂದು ಹಟ ಹಿಡಿದರು. ಮಂಜುಗಡ್ಡೆಯ ಪೆಟ್ಟಿಗೆ ಬಂತು. ಒಳಗೆ ಆರೋಗ್ಯವಂತರದೆಂದು ಪ್ರಮಾಣಪತ್ರವಿದ್ದ ರಕ್ತ. ಊಟಕ್ಕೆ ಮುಂಚೆ ನಾನೇ ಒಂದು ಹನಿ ಇಟ್ಟೆ. ಹಸಿರು ಗೆರೆ ಏರಿತು, ಏರುತ್ತಲೇ ಹೋಗಿ ಪರದೆಯ ಅಂಚನ್ನು ದಾಟಿತು. ಕೆಳಗೆ ರೋಗದ ಅಂಕಿಯ ಎಡಕ್ಕೆ ಮೈನಸ್ ಚಿಹ್ನೆ.

ಮೇಷ್ಟ್ರು ಗಹಗಹಿಸಿದರು. "ಇಲ್ಲದೇ ಇರೋದಕ್ಕಿಂತಲೂ ಕಮ್ಮಿ ರೋಗ! ಯಾರ ರಕ್ತಾನಪ್ಪಾ ಇದು? ನಿಂದು ಹಾಕು ನೋಡೋಣ."

ನನ್ನದೂ ಅಂಚು ದಾಟಿತು. ಮೇಷ್ಟ್ರದೂ. ಬಾಟಲಿ ತೊಳೆಯುವ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ತಾನೂ ಬೆರಳು ಚಾಚಿದಳು. "ನಂದು ಸಕ್ಕರೆ ಕಾಯಿಲೆ ರಕ್ತ ಕಣಮ್ಮಾ. ಮಷಿನ್ನಿಗೆ ಇರುವೆ ಮುತ್ಕೊಂಡ್ರೆ ನನ್ನ ಕೇಳ್ಬೇಡಿ."

ಅಜ್ಜಿಯ ಗುಡ್ಡವೂ ಅಷ್ಟೇ ಎತ್ತರ.

"ನೋಡಿ ಮತ್ತೆ! ಈ ವಯಸ್ಸಲ್ಲೂ ನಾನೇ ಮೇಲು," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಪರದೆಯ ಕಡೆ ಮತ್ತೆ ತಿರುಗಿದೆ. ಎಲ್ಲರೂ ಸೊನ್ನೆಗಿಂತ ಆರೋಗ್ಯವಾಗಿದ್ದಾರೆ ಎಂದರೆ, ಆರೋಗ್ಯವಾಗಿಲ್ಲದ್ದು ಸೊನ್ನೆ.

"ಕಾಫಿ ಕುಡಿದು ಬಂದು ಸರಿಮಾಡ್ತೀನಿ ಬಿಡು," ಎಂದು ಮೇಷ್ಟ್ರು ಹೊರಟರು. ಅಜ್ಜಿ ತನ್ನ ಬಾಟಲಿಗಳ ಕಡೆ ಹೋದಳು.

ಅತ್ತಿಗೆ ಗಾಜಿನ ಕೋಣೆಯಲ್ಲಿ ಬೆನ್ನು ಬಾಗಿಸಿ ಪಿಪೆಟ್ಟಿನಿಂದ ಚಿನ್ನದ ದ್ರವ ಇಳಿಸುತ್ತಿದ್ದರು. ಅಷ್ಟು ಸಣ್ಣ ಕಣಗಳಾದ ಚಿನ್ನ ಹಳದಿಯಲ್ಲ, ದ್ರಾಕ್ಷಾರಸದ ಕೆಂಪು.

"ಏನೇ, ಹಾಲು ಕದ್ದ ಬೆಕ್ಕಿನ ಹಾಗೆ ನಿಂತಿದೀಯ? ಏನು ಒಡೆದೆ?"

ಹೇಳಿದೆ. ಅವರು ತಲೆ ಎತ್ತಲಿಲ್ಲ. ಸಾಲಿನಲ್ಲಿ ಉಳಿದಿದ್ದ ಸ್ಟ್ರಿಪ್ಪುಗಳಿಗೆಲ್ಲ ಹನಿ ಬಿಟ್ಟು ಮುಗಿಸಿ, ಗ್ಲೌಸು ಕಳಚಿ, ಹೊರಗೆ ಬಂದು ಯಂತ್ರದ ಮುಂದೆ ಕೂತರು. ಬೆರಳು ಚುಚ್ಚಿಕೊಂಡರು. ಗುಡ್ಡ ಎದ್ದಿತು, ಎಂದಿನ ಎತ್ತರದಲ್ಲಿ ನಿಂತಿತು.

"ಸರಿಮಾಡಿದ್ದನ್ನ ತೆಗಿ."

"ಅತ್ತಿಗೆ..."

"ಪೂರ್ತಿ ತೆಗಿಯೇ. ಬೇಸಿಗೆಯಿಂದ ಮಾಡಿದ್ದೆಲ್ಲಾ."

ತೆಗೆದೆ. ಒಂದೊಂದು ತೆಗೆದಂತೆಯೂ ಗುಡ್ಡ ಕುಸಿಯಿತು. ಕೊನೆಗೆ ಉಳಿದದ್ದು ಹೊದಿಕೆಯೊಳಗೆ ಯಾರೋ ಮಲಗಿದ್ದಾರೇನೋ ಎನ್ನುವಷ್ಟು ಉಬ್ಬು. ಅತ್ತಿಗೆ ಹೊರಗಿನ ರಕ್ತದ ಗೆರೆಯನ್ನು ಅದರ ಮೇಲೆ ಇಡಲು ಹೇಳಿದರು. ಎರಡರ ನಡುವಿನ ಜಾಗವನ್ನು ತುಂಬ ಹೊತ್ತು ನೋಡಿದರು.

"ಚಿನ್ನ ಚೆನ್ನಾಗೇ ಇತ್ತು," ಎಂದರು.

"ಆ ಪ್ರೋಟೀನು ಬೇರೆ ಕಾರಣಕ್ಕೂ ಏರುತ್ತೆ ಅಲ್ವಾ? ಸೋಂಕು, ಊತ, ನೀವೇ ಹೇಳಿಕೊಟ್ಟಿದ್ದು."

"ಏರುತ್ತೆ. ಏರಿ ಇಳಿಯುತ್ತೆ. ಇದು ಒಂದು ಸಲಾನಾದ್ರೂ ಇಳಿದಿದ್ಯಾ ಹೇಳು." ಚುಚ್ಚಿದ ಬೆರಳಿಗೆ ಹತ್ತಿ ಸುತ್ತಿಕೊಂಡರು. "ನಿಮ್ಮಣ್ಣಂಗೆ ಈಗ್ಲೇ ಫೋನ್ ಮಾಡ್ಬೇಡ. ಗಾಬರಿಬಿದ್ದು ಗಾಡಿ ಎಲ್ಲಾದ್ರೂ ಗುದ್ದಿಸ್ತಾನೆ."

ಬಾಗಿಲು ತೆರೆಯಿತು. ಮೇಷ್ಟ್ರು ಖುಷಿಯಲ್ಲಿದ್ದರು. "ಹೊಳೀತು ಕಣ್ರೀ! ಸೊನ್ನೆನ ಇನ್ನೊಂಚೂರು ಮೇಲಕ್ಕೆಳೆದ್ರೆ ಹೊರಗಿನ ರಕ್ತಕ್ಕೂ ಹೊಂದ್ಕೊಳ್ಳುತ್ತೆ." ನಿಂತಲ್ಲಿಂದಲೇ ಕೀಲಿಮಣೆಗೆ ಕೈ ಚಾಚಿದರು. ಅತ್ತಿಗೆ ಆ ಮಣಿಕಟ್ಟನ್ನು ಹಿಡಿದರು.

"ಸರಿಮಾಡ್ಬೇಡಿ ಮೇಷ್ಟ್ರೇ."

"ಯಾಕಮ್ಮಾ? ಈ ಗೆರೆ ಯಾರದ್ದು?"

ಮೇಷ್ಟ್ರ ಕಣ್ಣು ಪರದೆಯಿಂದ ಇಳಿದು, ತಮ್ಮ ಕೈ ಹಿಡಿದಿದ್ದ ಬೆರಳಿನ ಹತ್ತಿಗೆ ಬಂತು. ಪಕ್ಕದ ಸ್ಟೂಲನ್ನು ತಡಕಾಡಿ ಕೂತರು.

ಅತ್ತಿಗೆ ಆಸ್ಪತ್ರೆಗೆ ಫೋನ್ ಮಾಡಿದರು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದರು. ಒಂದು ಹೆಣ್ಣು ಧ್ವನಿ ಕೇಳಿತು: "ಏನು ತೊಂದ್ರೆ ಮೇಡಂ? ಹೊಟ್ಟೆನೋವಾ?"

"ಇಲ್ಲ."

"ಹಸಿವು ಕಮ್ಮಿ, ಸುಸ್ತು?"

"ಏನೂ ಇಲ್ಲ. ಸ್ಕ್ಯಾನ್ ಬೇಕು. ಇವತ್ತೇ."

"ಯಾರು ಬರೆದುಕೊಟ್ರು? ಯಾವ ಡಾಕ್ಟರು?"

"ಡಾಕ್ಟರಲ್ಲ. ಒಂದು ಮಷಿನ್ನು."

"ಯಾವ ಕಂಪನಿದು?"

"ನಾನೇ ಮಾಡಿದ್ದು."

ಆ ಕಡೆ ಯಾರೋ ಕಿಸಕ್ಕನೆ ನಕ್ಕರು. "ಲೈನಲ್ಲಿರಿ," ಎಂದಿತು ಧ್ವನಿ. ಕಾಯುವವರಿಗಾಗಿ ಇಟ್ಟ ಸಂಗೀತ ಶುರುವಾಯಿತು. ಅತ್ತಿಗೆ ಲೈನಲ್ಲಿದ್ದರು. ಒಂದು ಕೈ ಮೇಜಿನ ಮೇಲಿತ್ತು. ಇನ್ನೊಂದು ಕೋಟಿನ ಒಳಗೆ, ಹೊಕ್ಕುಳ ಕೆಳಗೆ, ಅಲ್ಲಲ್ಲಿ ಒತ್ತಿ ನೋಡುತ್ತ ಸರಿಯುತ್ತಿತ್ತು. ಎಡಗಡೆ ಒಂದು ಕಡೆ ಬಂದು ಆ ಕೈ ನಿಂತುಬಿಟ್ಟಿತು.