ಹೂಜಿಯ ಮೇಲಿನ ಹಕ್ಕಿ ಸಾಲು

ಚೂರು ಕೂತಿತು. ಉಗುರಿನಷ್ಟು ಅಗಲದ ಅಂಚು ಮಾತ್ರ, ಆದರೂ ಕೂತಿತು. ಅವಳು ಉಸಿರು ಬಿಗಿಹಿಡಿದು ಅದನ್ನು ತೆಗೆದಳು, ಮತ್ತೆ ಇಟ್ಟಳು. ಮತ್ತೆ ಕೂತಿತು. ಮ್ಯೂಸಿಯಮ್ಮಿನ ರಿಪೇರಿ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಎದ್ದು ಮೇಜಿಗೆ ಒಂದು ಸುತ್ತು ಹಾಕಿ ಬಂದಳು.

ಅವಳನ್ನು ಅಲ್ಲಿ ಎಲ್ಲರೂ ಸೊಸೆ ಎಂದೇ ಕರೆಯುತ್ತಿದ್ದರು. ಯಾಕೆಂದರೆ ಅದೇ ಕುರ್ಚಿಯಲ್ಲಿ ಕೂತು, ಅದೇ ಮೇಜಿನ ಮೇಲೆ ಒಡೆದ ಮಡಕೆಗಳನ್ನು ಜೋಡಿಸಿ ನಿವೃತ್ತರಾದವರು ಅವಳ ಅತ್ತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವ ಗಾದೆ ಈ ಕುರ್ಚಿಯ ಮಟ್ಟಿಗೆ ಅಕ್ಷರಶಃ ನಿಜವಾಗಿತ್ತು. ಆದರೆ ಸೊಸೆಯ ಕಾಲ ಬಂದು ಎಷ್ಟೋ ವರ್ಷವಾದರೂ ಅತ್ತೆ ಒಮ್ಮೆಯೂ ಅವಳ ಕೆಲಸ ನೋಡಿ "ಚೆನ್ನಾಗಿದೆ" ಅಂದವರಲ್ಲ. "ಪರವಾಗಿಲ್ಲ" ಎನ್ನುವುದೇ ಅವರ ದೊಡ್ಡ ಹೊಗಳಿಕೆ.

ಮೇಜಿನ ಮೇಲಿದ್ದದ್ದು ಮೂರು ಸಾವಿರ ವರ್ಷ ಹಳೆಯ ಮಣ್ಣಿನ ಹೂಜಿ. ಅದರ ದುಂಡು ಹೊಟ್ಟೆಯ ಸುತ್ತ ಉದ್ದ ಕಾಲಿನ ಹಕ್ಕಿಗಳು ಕೆಂಗಪ್ಪು ಬಣ್ಣದಲ್ಲಿ ಒಂದರ ಹಿಂದೆ ಒಂದು ನಡೆಯುತ್ತಿದ್ದವು. ಒಂದು ಹಕ್ಕಿಯ ತಲೆ ಇರಬೇಕಾದ ಕಡೆ ಒಡೆದು ತೂತಾಗಿತ್ತು. ಅತ್ತೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿಗೆ ಪ್ಲಾಸ್ಟರ್ ತುಂಬಿ, ಉಳಿದ ಹಕ್ಕಿಗಳ ಹಾಗೆಯೇ ಮುಂದೆ ನೋಡುವ ತಲೆಯೊಂದನ್ನು ಬಿಡಿಸಿದ್ದರು. ಅದರ ಕತ್ತಿನ ಬಳುಕು ಅದೆಷ್ಟು ಸೊಗಸಾಗಿತ್ತೆಂದರೆ ಜನ ಬಂದು ಆ ಹಕ್ಕಿಯ ಫೋಟೋವನ್ನೇ ತೆಗೆಯುತ್ತಿದ್ದರು. ಕೊನೆಗೆ ಮ್ಯೂಸಿಯಮ್ಮಿನ ಟಿಕೆಟ್ಟಿನ ಮೇಲೂ ಅದೇ ಬಂತು. ಮನೆಗೆ ಯಾರೇ ಬರಲಿ, ಅತ್ತೆ ಟಿಕೆಟ್ಟು ತೋರಿಸಿ "ಈ ತಲೆ ನಂದು" ಅನ್ನದೆ ಕಾಫಿ ಕೊಡುತ್ತಿರಲಿಲ್ಲ.

ಆ ಹಕ್ಕಿಯ ಹಿಂದೆ, ಸಾಲಿನ ಕೊನೆಯಲ್ಲಿ, ಗಿಡ್ಡ ಹಕ್ಕಿಯೊಂದು ಕೊಕ್ಕು ತೆರೆದು ನಿಂತಿತ್ತು. ಗಾಜಿನ ಪೆಟ್ಟಿಗೆಯ ಪಕ್ಕದ ಫಲಕದಲ್ಲಿ "ಜಾಗ ಸಾಲದೆ ಕೊನೆಯ ಹಕ್ಕಿಯನ್ನು ಚಿಕ್ಕದಾಗಿ ಬಿಡಿಸಲಾಗಿದೆ" ಎಂದು ಬರೆದಿತ್ತು. ಅದೂ ಅತ್ತೆಯದೇ ವಾಕ್ಯ.

ನಾಳೆ ಹೊಸ ಸಭಾಂಗಣ ತೆರೆಯುವುದಿತ್ತು. ಹೂಜಿಯನ್ನು ಒರೆಸುವಾಗ ಪ್ಲಾಸ್ಟರಿನ ಒಂದು ಮೂಲೆ ಉದುರಿ, ಹಿಂದಿನ ನಿಜವಾದ ಒಡಕು ಕಂಡಿತ್ತು. ಅದನ್ನು ನೋಡಿದ್ದೇ ತಡ, ಸೊಸೆಗೆ ಯಾವ ಮಡಕೆಯದೆಂದು ಗೊತ್ತಾಗದ ದಿಕ್ಕಿಲ್ಲದ ಚೂರುಗಳ ಟ್ರೇಯಲ್ಲಿದ್ದ ಒಂದು ಚೂರು ನೆನಪಾಗಿತ್ತು. ಈಗ ಕೂತದ್ದು ಅದೇ. ಅದರ ಮೇಲೊಂದು ಹಕ್ಕಿಯ ತಲೆಯಿತ್ತು. ಆದರೆ ಆ ತಲೆ ಹಿಂದಕ್ಕೆ ತಿರುಗಿತ್ತು.

ಅವಳು ಹೇಳಿದ್ದನ್ನು ಮ್ಯೂಸಿಯಮ್ಮಿನ ನಿರ್ದೇಶಕರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಪ್ಲಾಸ್ಟರ್ ಕಿತ್ತ ಮೇಲೆ ಚೂರು ಕೂರದಿದ್ದರೆ?"

"ಇದೂ ಇಲ್ಲ, ಅದೂ ಇಲ್ಲ ಸರ್. ತೂತು."

"ಯಾವ ತಲೆ ಇಡ್ತೀರೋ ನೀವೇ ನೋಡಿಕೊಳ್ಳಿ. ಅತ್ತೆ ಸೊಸೆ ಮಧ್ಯೆ ನಾನು ಬರಲ್ಲಪ್ಪ," ಎಂದು ಅವರು ಜಾರಿಕೊಂಡರು.

ಅವಳು ಫೋನ್ ಮಾಡಿದಳು. "ಅತ್ತೆ, ಒಂದು ಚೂರು ಸಿಕ್ಕಿದೆ."

"ಯಾವ ಹೂಜೀದು?"

"ನಿಮ್ಮದು."

ಆ ಕಡೆ ಕುಕ್ಕರ್ ಕೂಗುವುದು ಕೇಳಿಸಿತು. ಯಾರೋ ಅದನ್ನು ಆರಿಸಿದರು. "ಏನೂ ಮುಟ್ಟಬೇಡ. ಬಂದೆ."

ಅತ್ತೆ ಮನೆಯ ಚಪ್ಪಲಿಯಲ್ಲೇ ಬಂದರು. ಕೂರಲಿಲ್ಲ. ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಅಂಚನ್ನು ನೋಡಿದರು.

"ಇದನ್ನ ನಾನು ಆಗಲೇ ನೋಡಿದ್ದೆ ಕಣೇ. ಮುಖ ಆ ಕಡೆ ಇತ್ತಲ್ಲ, ಎಲ್ಲಾ ಈ ಕಡೆ ಹೋಗ್ತಿರುವಾಗ ಇದೊಂದು ಯಾಕೆ ತಿರುಗುತ್ತೆ, ಬೇರೆ ಹೂಜೀದು ಅಂತ ಎತ್ತಿಟ್ಟೆ." ಚೂರನ್ನು ಹೊರಳಿಸಿ, "ಈಗಲೂ ಬೇರೇದೇ ಇರಬಹುದು. ಮಣ್ಣಿನ ಬಣ್ಣ ಸ್ವಲ್ಪ ಕೆಂಪಿದೆ," ಎಂದರು.

"ಇರಬಹುದು ಅತ್ತೆ. ಬೇಡ ಅಂದ್ರೆ ಮೂಲೆ ತುಂಬಿ ಹಾಗೇ ಇಟ್ಟುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ನಿನಗೆ ಗೊತ್ತಾಗಲ್ವಾ?"

ಸೊಸೆಗೆ ಅತ್ತೆಯ ಹಕ್ಕಿ ಉಳಿಯಬೇಕಿತ್ತು, ಚೂರೂ ಕೂರಬೇಕಿತ್ತು. ಎರಡೂ ಆಗುವ ಹಾಗಿರಲಿಲ್ಲ.

ಅತ್ತೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸಣ್ಣ ಚಾಕು ಎತ್ತಿಕೊಂಡರು. ತುದಿ ನಡುಗಿತು. ಅದನ್ನು ಸೊಸೆಯ ಕೈಗೆ ಕೊಟ್ಟರು. "ವಯಸ್ಸು. ಹೆದರಿಕೆ ಅಂದ್ಕೋಬೇಡ. ನೀನೇ ಕೀಳು."

ಬಿಸಿನೀರಿನ ಹತ್ತಿ ಇಟ್ಟು ಪ್ಲಾಸ್ಟರನ್ನು ನೆನೆಸಿ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದಳು. ಆ ಚೆಲುವಾದ ಕತ್ತು ಎರಡು ತುಂಡಾಗಿ ಅಂಗೈಗೆ ಬಂತು. ಅತ್ತೆ ಅದರ ಕಡೆ ನೋಡಲಿಲ್ಲ. "ಚೂರು ಇಡು, ಬೇಗ," ಎಂದರು.

ಕೂರಲಿಲ್ಲ. ಕೂದಲೆಳೆಯಷ್ಟು ಮೇಲೆಯೇ ನಿಂತಿತು. ಸೊಸೆಯ ಬೆರಳು ತಾನಾಗಿ ಒತ್ತಲು ಹೋಯಿತು.

"ಒತ್ತಬೇಡ!" ಅತ್ತೆ ಆಗಲೇ ಬಗ್ಗಿದ್ದರು. "ಎಡಗಡೆ ನೋಡು, ಪ್ಲಾಸ್ಟರಿನ ಒಂದು ಹರಳು ಉಳಿದಿದೆ. ನಾನು ತುಂಬಿದ್ದು, ಅಷ್ಟು ಸುಲಭಕ್ಕೆ ಬಿಡುತ್ತಾ? ಸೂಜಿಯಲ್ಲಿ ತೆಗಿ."

ತೆಗೆದಳು. ಈ ಸಲ ಟಕ್ ಎಂದು ಸಣ್ಣ ಸದ್ದಾಯಿತು. ಅತ್ತೆ ಹೂಜಿಯ ಬಾಯೊಳಗೆ ಕೈ ಇಳಿಸಿ, ಕಣ್ಣು ಮುಚ್ಚಿ, ಒಳಗೋಡೆಯನ್ನು ತಡವಿದರು. ಕುಂಬಾರನ ಬೆರಳು ಚಕ್ರದ ಮೇಲೆ ಎಳೆದ ಗೀರು ಎಲ್ಲೂ ಕಡಿಯದೆ ಚೂರನ್ನು ದಾಟಿ ಹೋಗಿತ್ತು.

"ಸೇರಿತು," ಎಂದರು. "ಸೇರಿತು ಕಣೇ. ಇದರದ್ದೇ."

ಇಬ್ಬರೂ ಹೂಜಿಯನ್ನು ಕಿಟಕಿಗೆ ತಿರುಗಿಸಿ ನೋಡಿದರು. ದೊಡ್ಡ ಹಕ್ಕಿ ನಡೆಯುತ್ತಿದ್ದದ್ದು ನಿಂತು, ಕತ್ತು ಹೊರಳಿಸಿ, ಕೊಕ್ಕು ತೆರೆದಿತ್ತು. ಎದುರಿಗೆ ಆ ಗಿಡ್ಡ ಹಕ್ಕಿಯ ತೆರೆದ ಕೊಕ್ಕು.

"ಅತ್ತೆ, ಇದು ಮರಿ," ಎಂದಳು ಸೊಸೆ. ಖುಷಿಗೆ ಅವಳ ದನಿಯೇ ಒಡೆದುಹೋಗಿತ್ತು.

ಅತ್ತೆ ನಗಲು ಶುರುಮಾಡಿದರು. ನಗುತ್ತಲೇ ಕಣ್ಣು ತುಂಬಿತು. "ಜಾಗ ಸಾಲದೆ ಅಂತ ಬರೆದೆನಲ್ಲೇ ನಾನು. ಜಾಗ ಬೇಕಾದಷ್ಟಿತ್ತು. ಇಷ್ಟು ವರ್ಷ ಅದು ಕೂಗ್ತಾನೇ ಇತ್ತು, ತಾಯೀನ ಮುಂದೆ ನೋಡ್ಕೊಂಡು ಹೋಗೋ ಹಾಗೆ ಮಾಡಿಟ್ಟಿದ್ದೆ."

"ನಿಮ್ಮ ತಲೆ ಚೆನ್ನಾಗಿತ್ತು ಅತ್ತೆ."

"ಚೆನ್ನಾಗಿತ್ತು. ಇದು ಸರಿಯಾಗಿದೆ."

ಸೊಸೆ ಅಂಚಿಗೆ ಅಂಟು ಹಚ್ಚಿ ಚೂರನ್ನು ಕೂರಿಸಿದಳು. ಅಂಟು ಹಿಡಿಯುವವರೆಗೆ ಕೈ ಬಿಡುವ ಹಾಗಿರಲಿಲ್ಲ. ಅತ್ತೆ ಇನ್ನೊಂದು ಬದಿಯಿಂದ ಹೂಜಿಯನ್ನು ತಬ್ಬಿ ಹಿಡಿದರು. ಇಬ್ಬರ ಬೆರಳುಗಳೂ ಅದರ ಹೊಟ್ಟೆಯ ಮೇಲೆ ಹೆಣೆದುಕೊಂಡವು. ಅತ್ತೆಯ ಕೈ ಈಗ ನಡುಗುತ್ತಿರಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ನಿರ್ದೇಶಕರಿರಬೇಕು.

"ಆಮೇಲೆ ಬನ್ನಿ, ಕೈ ಖಾಲಿಯಿಲ್ಲ," ಎಂದು ಅತ್ತೆ ಕೂಗಿ ಹೇಳಿದರು. ಆಮೇಲೆ ಏನೋ ನೋಡಿದವರಂತೆ ಹೆಬ್ಬೆರಳನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರು. ಅದರ ಕೆಳಗಿದ್ದ ಮರಿ ಬೆಳಕಿಗೆ ಬಂತು.