ಕೆಂಪು ಗೆರೆ ಮುಂದೆ ಸರಿದಾಗ

ಗಂಡ ಮನೆ ಬಿಟ್ಟು ತನ್ನ ತಾಯಿಯ ಮನೆ ಸೇರಿದ ಮೇಲೆ ನಮ್ಮಿಬ್ಬರಿಗೂ ಉಳಿದ ನಂಟು ಎರಡೂ ಮನೆಯ ಟಿವಿಯಲ್ಲಿ ಧಾರಾವಾಹಿ ನೋಡಲು ಬಳಸುವ ಖಾತೆ ಒಂದೇ. ಚಂದ್ರನನ್ನು ಮುಟ್ಟಲು ಮನುಷ್ಯರು ಪಟ್ಟ ಪಾಡಿನ ಧಾರಾವಾಹಿಯೊಂದನ್ನು ಜೊತೆಯಲ್ಲೇ ಶುರು ಮಾಡಿದ್ದೆವು. ಜಗಳದ ಗಲಾಟೆಯಲ್ಲಿ ಅದು ಅರ್ಧಕ್ಕೇ ನಿಂತಿತ್ತು.

ಹಲ್ಲಿನ ಸೆಟ್ಟು ಮಾಡುವುದು ನನ್ನ ಕೆಲಸ. ದಿನವಿಡೀ ಯಾರ್ಯಾರದೋ ದವಡೆಯ ಅಚ್ಚುಗಳ ಮುಂದೆ ಕೂತು ಮೇಣ ಕೆತ್ತುತ್ತೇನೆ. ಅಷ್ಟು ಬಾಯಿಗಳಿದ್ದೂ ಒಂದಾದರೂ ಮಾತಾಡಬೇಕಲ್ಲ! ಮನೆಗೆ ಬಂದರೆ ಮನೆಯೂ ಬಿಕೋ ಅನ್ನುತ್ತದೆ.

ಒಂದು ಸಂಜೆ ಬೇಸರಕ್ಕೆ ಟಿವಿ ಹಾಕಿದೆ. ಎಲ್ಲಿಯವರೆಗೆ ನೋಡಿದ್ದೇವೆ ಎಂದು ತೋರಿಸುವ ಕೆಂಪು ಗೆರೆ, ನಾವು ಬಿಟ್ಟಲ್ಲಿಂದ ಒಂದು ಕಂತು ಮುಂದೆ ಹೋಗಿತ್ತು. ಪುಣ್ಯಾತ್ಮ, ನನ್ನನ್ನು ಬಿಟ್ಟು ನೋಡಿದೆಯಾ ಎಂದು ಮೈಯೆಲ್ಲ ಉರಿಯಿತು. ಹಟಕ್ಕೆ ಬಿದ್ದು ನಾನೂ ಮುಂದೆ ನೋಡಿ, ಫೋಟೋ ತೆಗೆಯಲು ಹೋದ ಯಂತ್ರ ಇನ್ನೇನು ಚಂದ್ರನಿಗೆ ಅಪ್ಪಳಿಸಬೇಕು ಅನ್ನುವಾಗ ಬೇಕೆಂದೇ ನಿಲ್ಲಿಸಿದೆ.

ಮರುದಿನ ಗೆರೆ ಅಲ್ಲಿಂದ ಒಂದು ಚೂರು ಮುಂದೆ ಸರಿದಿತ್ತು. ಅಷ್ಟೇ, ಜಾಸ್ತಿಯಿಲ್ಲ. ಆಮೇಲೆ ದಿನವೂ ಹಾಗೇ. ನಾನು ಎಲ್ಲಿ ನಿಲ್ಲಿಸಿದರೂ ಅವನು ಅಲ್ಲಿಗೆ ಬಂದು, ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತಿದ್ದ. ಕೆಲಸ ಬಿಟ್ಟರೆ ಸಾಕು, ಓಡೋಡಿ ಮನೆಗೆ ಬರತೊಡಗಿದೆ.

ಅಕ್ಕ ಫೋನಿನಲ್ಲಿ ರೇಗಿದಳು. "ಏನ್ ತೀರ್ಮಾನ ಮಾಡ್ದೆ? ವಕೀಲರನ್ನ ನೋಡೋಣ್ವಾ?"

"ತಡ್ಕೊಳೇ, ಅವನು ವಾಪಸ್ ಬರೋ ಹಾಗಿದೆ."

"ಯಾರು ಹೇಳಿದ್ರು?"

"ಟಿವಿ."

"ನಿಂಗೆ ತಲೆ ಕೆಟ್ಟಿದೆ," ಅಂದಳು.

ಕೊನೆಗೆ ಒಂದೇ ಕಂತು ಉಳಿಯಿತು, ಮನುಷ್ಯ ಚಂದ್ರನ ಮೇಲೆ ಇಳಿಯುವುದು. ಅದನ್ನು ಒಬ್ಬಳೇ ನೋಡಲು ಮನಸ್ಸಾಗದೆ ಆ ದಿನ ಟಿವಿ ಮುಟ್ಟಲಿಲ್ಲ. ಮರುಸಂಜೆ ನೋಡಿದರೆ ಗೆರೆ ಅಲುಗಾಡಿರಲಿಲ್ಲ. ಅವನೂ ಕಾದಿದ್ದಾನೆ! ಇನ್ನು ತಡೆಯಲಾರದೆ ಫೋನ್ ಮಾಡಿದೆ.

"ಕೊನೇ ಕಂತು ಇಲ್ಲೇ ಬಂದು ನೋಡ್ತೀಯಾ?"

"ಯಾವುದ್ರದ್ದು?"

"ಅದೇ, ಚಂದ್ರನ ಸೀರಿಯಲ್ದು."

"ಓ, ಅದಾ! ನನಗೆಲ್ಲಿ ಪುರುಸೊತ್ತು? ಅದನ್ನ ಅಮ್ಮ ನೋಡೋದು. ತಡಿ, ಅಮ್ಮಂಗೇ ಕೊಡ್ತೀನಿ." ನನ್ನಿಂದ ತಪ್ಪಿಸಿಕೊಳ್ಳಲು ಅವನಿಗೆ ಅಷ್ಟು ನೆಪ ಸಾಕಾಯಿತು.

ಅತ್ತೆ! ಮದುವೆಯಾದಾಗಿನಿಂದ ನಾನು ಏನು ಮಾಡಿದರೂ ಮೂಗು ಮುರಿದ ಅತ್ತೆ. ಅವನು ಬರುವುದಿಲ್ಲ. ಅವನು ಒಂದು ದಿನವೂ ನನಗಾಗಿ ಕಾದಿರಲಿಲ್ಲ. ಫೋನ್ ಇಟ್ಟುಬಿಡೋಣ ಅನ್ನುವಷ್ಟರಲ್ಲಿ ಅತ್ತೆಯ ಗದರು ದನಿ ಬಂತು.

"ನಿನ್ನೆ ಯಾಕೆ ನೋಡ್ಲಿಲ್ಲ ನೀನು? ಹುಷಾರಿಲ್ವಾ?"

ಇಡಲು ಹೊರಟ ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡೆ.

"ನೀನು ಬರ್ಲಿಲ್ಲ ಅಂತ ನಾನೂ ಮುಂದೆ ಹೋಗ್ಲಿಲ್ಲ. ಇಲ್ಲಿ ನನ್ನ ಜೊತೆ ಯಾರೂ ಕೂರಲ್ಲ ಕಣೇ."

ನಾಚಿಕೆ ಬಿಟ್ಟು ಬಿಕ್ಕಿ ಬಿಕ್ಕಿ ಅಳತೊಡಗಿದೆ.

"ಅಳೋದಾದ್ರೆ ಅತ್ಕೋ," ಅಂದರು. "ನಾನೇನು ಫೋನ್ ಇಡಲ್ಲ."