ಗುಬ್ಬಿಯ ಕನ್ನಡಕ

ಪರದೆಯ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಒಂದು ತುದಿಗೆ ಇಸ್ತ್ರಿಪೆಟ್ಟಿಗೆಯನ್ನೂ ಇನ್ನೊಂದು ತುದಿಗೆ ದಪ್ಪ ನಿಘಂಟನ್ನೂ ಭಾರಕ್ಕಿಟ್ಟು, ಅವಳು ಮಂಡಿಯೂರಿ ಅಳತೆ ಹಿಡಿಯುತ್ತಿದ್ದಳು. ಅರ್ಧ ಗುರುತು ಹಾಕಿಯಾಗಿತ್ತು. ಹೊಸ ಕೋಣೆಯ ಕಿಟಕಿ ಉದ್ದ, ಹೆಚ್ಚುಕಡಿಮೆ ನೆಲ ಮುಟ್ಟುವಂಥದ್ದು. ಈಗಿರುವ ಬಾಡಿಗೆ ಮನೆಯ ಕಿಟಕಿಗಳು ಗಿಡ್ಡ. ಕತ್ತರಿ ಹಾಕುವ ಮೊದಲು ಇನ್ನೊಂದು ಸಲ ಅಳೆಯುವುದು ಅವಳ ಅಭ್ಯಾಸ. ಹೊಲಿಗೆ ತರಗತಿಯ ಹುಡುಗಿಯರಿಗೂ ಅದನ್ನೇ ಹೇಳಿ ಹೇಳಿ, ಅವರು ಬೆನ್ನ ಹಿಂದೆ ಅವಳನ್ನು 'ಇನ್ನೊಂದ್ಸಲ ಮೇಡಂ' ಎಂದು ಕರೆಯುತ್ತಿದ್ದುದು ಅವಳಿಗೂ ಗೊತ್ತಿತ್ತು.

ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದ ತುಂಡುಗಳು ಒಂದು ಕೆಂಪು ಚೀಲದಲ್ಲಿದ್ದವು. ಅದು ಮೊದಲು ಗೆಳತಿ ಗುಬ್ಬಿಯ ಕನ್ನಡಕದ ಚೀಲ. ಗುಬ್ಬಿ ಕನ್ನಡಕವನ್ನು ಕಂಡಕಂಡಲ್ಲಿ ಬಿಟ್ಟು ಒದ್ದಾಡುತ್ತಾಳೆ ಎಂದು, ದೂರಕ್ಕೂ ಎದ್ದು ಕಾಣುವ ಬಣ್ಣ ಆರಿಸಿ, ಒಳಗೆ ಮೆತ್ತನೆಯ ಅಸ್ತರು ಕೊಟ್ಟು, ಕೊರಳಿಗೆ ಹಾಕಿಕೊಳ್ಳಲು ದಾರ ಕೂಡಿಸಿ ಇವಳೇ ಹೊಲಿದುಕೊಟ್ಟಿದ್ದಳು. ಕೈಗೆ ಕೊಟ್ಟ ದಿನ ಗುಬ್ಬಿಯೂ ಇನ್ನೊಬ್ಬ ಗೆಳತಿ ಗಂಟೆಯೂ ಮುಖ ಮುಖ ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ದಾರ ನೋಡಿ ನಗುತ್ತಿದ್ದಾರೆ ಎಂದುಕೊಂಡು ಇವಳೂ ನಕ್ಕಿದ್ದಳು. ಹೋದ ವರ್ಷ ಗುಬ್ಬಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು, ದೂರಕ್ಕೂ ಹತ್ತಿರಕ್ಕೂ ಕಾಣುವ ಲೆನ್ಸ್ ಹಾಕಿಸಿಕೊಂಡಳು. ಅವಳ ಜೊತೆಯಲ್ಲೇ ಉಳಿದು ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಬಿಟ್ಟವಳು ಇವಳು. "ಕನ್ನಡಕದ ಪೀಡೆ ತೊಲಗ್ತು ಕಣೇ. ತಗೋ, ನಿನ್ನ ಚಾಕ್‌ಪೀಸ್ ಇಟ್ಕೋ" ಎಂದು ಚೀಲ ವಾಪಸು ಬಂದಿತ್ತು.

ಕೆಳಗೆ ಕಾರಿನ ಹಾರನ್ ಕೇಳಿಸಿತು. ಅದರ ಬೆನ್ನಿಗೇ ಗಂಟೆಯ ದನಿ. "ಸೂಜೀ! ಇಳಿಯೇ ಬೇಗ! ಊಟದ ಹೊತ್ತಿಗೆ ಹೋದ್ರೆ ಊಟಕ್ಕೇ ಬಂದ್ರು ಅಂತಾರೆ!"

ಬಟ್ಟೆಯನ್ನು ಹಾಗೇ ಬಿಟ್ಟು ಅವಳು ಬಾಗಿಲು ಹಾಕಿಕೊಂಡಳು. ಮೆಟ್ಟಿಲ ಬುಡದಲ್ಲಿ ಓನರಮ್ಮ ಬಾಗಿಲೊರೆಸುತ್ತಿದ್ದರು.

"ಏನ್ರೀ, ತೀರ್ಮಾನ ಆಯ್ತಾ? ನಾಳೆಯೊಳಗೆ ಹೇಳಿಬಿಡಿ. ಹೋಗೋದಾದ್ರೆ ಹೇಳಿ. ಇರೋದಾದ್ರೆ ಹೇಳೋದೇನೂ ಬೇಡ, ನೀವು ಇದ್ದೇ ಇದ್ದೀರಲ್ಲ."

"ಹೋಗೋದೇ ಅಮ್ಮ. ನಾಳೆ ಬಂದು ಸರಿಯಾಗಿ ಹೇಳ್ತೀನಿ."

ಹೋಗುವುದೆಂದರೆ ಗಂಟೆಯ ಮನೆಯ ಮಹಡಿಗೆ. ಊರಿನ ಆ ತುದಿ. ಅಲ್ಲಿಂದ ಹೊಲಿಗೆ ಕೇಂದ್ರಕ್ಕೆ ದಿನಾ ಓಡಾಡುವುದು ಆಗದ ಮಾತು, ಕೆಲಸವನ್ನೂ ಬಿಡಬೇಕು. ಆದರೆ ಮಾತು ಇಂದಿನದಲ್ಲ. ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮೂರು ಮಂಚ ಜೋಡಿಸಿಕೊಂಡು ಮಲಗುತ್ತಿದ್ದ ದಿನಗಳಲ್ಲೇ, ಮುದುಕಿಯರಾದ ಮೇಲೆ ಒಂದೇ ಸೂರಿನಡಿ ಇರುವುದೆಂದು ಆಣೆ ಹಾಕಿಕೊಂಡಿದ್ದರು. ರೇಡಿಯೋದಲ್ಲಿ ಉದ್ಘೋಷಕಿಯಾಗಿ ನಿವೃತ್ತಳಾದ ಗಂಟೆ ಮದುವೆಯಾಗಲಿಲ್ಲ, ಮನೆ ಕಟ್ಟಿಸಿದಳು. ಗ್ರಂಥಪಾಲಕಿಯಾಗಿದ್ದ ಗುಬ್ಬಿ, ಮಗಳು ದೂರದ ಊರು ಸೇರಿದ ಮೇಲೆ ಅಲ್ಲಿಗೆ ಬಂದುಬಿಟ್ಟಳು. ಎರಡು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಉಳಿದವಳು ಇವಳೊಬ್ಬಳೇ. ಸೂಜಿ. ಇಡೀ ಹಾಸ್ಟೆಲಿನ ಬಿಚ್ಚಿದ ಹೊಲಿಗೆಗಳನ್ನೆಲ್ಲ ಹಾಕಿಕೊಡುತ್ತಿದ್ದುದಕ್ಕೆ ಬಂದ ಹೆಸರು.

ಕಾಲೇಜಿನಲ್ಲಿ ಅಂದು ಹಳೆಯ ವಿದ್ಯಾರ್ಥಿಗಳ ಕೂಟ. ಗೇಟಿನಲ್ಲಿ ಎದೆಗೆ ಅಂಟಿಸಿಕೊಳ್ಳಲು ಚೀಟಿ ಕೊಡುತ್ತಿದ್ದರು. ಎಲ್ಲರೂ ತಮ್ಮ ಹೆಸರು, ಹುದ್ದೆ ಬರೆದುಕೊಂಡರೆ ಇವರು ಮೂವರೂ ಅಡ್ಡಹೆಸರುಗಳನ್ನೇ ಬರೆದುಕೊಂಡರು. ಅಂಗಳದ ತುಂಬ ನರೆತ ತಲೆಗಳು. ಯಾರನ್ನೋ ನೋಡಿ ಸಹಪಾಠಿಯೊಬ್ಬನ ಅಪ್ಪನೇ ಬಂದಿದ್ದಾರೆ ಎಂದುಕೊಂಡರೆ ಅವನೇ ಆಗಿರುತ್ತಿದ್ದ. ಪ್ರಯೋಗಾಲಯದ ಬಾಗಿಲಿಗೆ ಹೊಸ ಬಣ್ಣ ಬಂದಿತ್ತು, ಒಳಗಿನ ಗ್ಯಾಸಿನ ವಾಸನೆ ಮಾತ್ರ ಹಳೆಯದೇ.

ಅಷ್ಟರಲ್ಲಿ ಸೈಕಲ್ ಸ್ಟ್ಯಾಂಡ್ ಇವರನ್ನು ಹಿಡಿದ. ಹುಡುಗಿಯರು ಬರುವ ಹೊತ್ತಿಗೆ ಸೈಕಲ್ ಸ್ಟ್ಯಾಂಡಿನಲ್ಲೇ ಬೇರು ಬಿಟ್ಟಿರುತ್ತಿದ್ದ ಸಹಪಾಠಿ. ಈಗ ಅವನಿಗೆ ಎರಡೂ ಮೊಣಕಾಲಿನ ಆಪರೇಷನ್ ಆಗಿತ್ತು.

"ಎಡಗಾಲು ಮೊದಲು ಮಾಡ್ಲಾ, ಬಲಗಾಲು ಮೊದಲು ಮಾಡ್ಲಾ ಅಂತ ಡಾಕ್ಟರು ನನ್ನನ್ನೇ ಕೇಳಿದ್ರು. ನಾನಂದೆ, ಸ್ವಾಮಿ, ನನಗೆ ಎರಡೂ ಒಂದೇ..."

"ಸೂಜೀ," ಗಂಟೆ ಗಾಬರಿಯ ದನಿ ಮಾಡಿದಳು. "ಒಲೆ ಆರಿಸಿದ್ಯೇನೇ?"

"ಅಯ್ಯೋ ನನ್ನ ಗ್ರಹಚಾರವೇ!" ಎಂದು ಇವಳು ಎದೆ ಮುಟ್ಟಿಕೊಂಡಳು. ಗುಬ್ಬಿ ಆಗಲೇ ಇಬ್ಬರ ಕೈ ಹಿಡಿದೆಳೆಯುತ್ತಿದ್ದಳು. ಮೂವರೂ ಗ್ರಂಥಾಲಯದ ಮೆಟ್ಟಿಲ ತನಕ ಓಡಿ, ಏದುಸಿರು ಬಿಡುತ್ತ ಬಿದ್ದು ಬಿದ್ದು ನಕ್ಕರು.

ಒಲೆಯ ಕಥೆ ಕಾಲೇಜಿನಷ್ಟೇ ಹಳೆಯದು. ವಾರ್ಡನ್ ಒಮ್ಮೆ ಇವಳನ್ನು ನಿಲ್ಲಿಸಿಕೊಂಡು ಹೆಣ್ಣುಮಕ್ಕಳ ನಡತೆಯ ಬಗ್ಗೆ ಕೊರೆಯುತ್ತಿದ್ದಾಗ, ಗಂಟೆ ಓಡಿಬಂದು ಇದೇ ಮಾತು ಕೇಳಿದ್ದಳು. ಇವಳು ಅಯ್ಯೋ ಎಂದು ಓಡಿದ್ದಳು. ಹಾಸ್ಟೆಲಿನ ಕೋಣೆಗಳಲ್ಲಿ ಒಲೆಯೇ ಇಲ್ಲವೆಂದು ವಾರ್ಡನ್‌ಗೆ ಹೊಳೆಯುವಷ್ಟರಲ್ಲಿ ಮೂವರೂ ಮಾಯ. ಅಂದಿನಿಂದ ಕೊರೆಯುವವರು ಸಿಕ್ಕಿದಲ್ಲೆಲ್ಲ, ಮದುವೆ ಮನೆಯಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಬಸ್ಸಿನಲ್ಲಿ, ಒಲೆ ಅವರನ್ನು ಕಾಪಾಡಿತ್ತು. ಒಲೆ ಹೊರಗಿನವರಿಗೆ. ತಮ್ಮೊಳಗೆ ಅದರ ಅಗತ್ಯ ಬೀಳುತ್ತಿರಲಿಲ್ಲ. ಸಾಕು ಬಾಯಿ ಮುಚ್ಚೇ ಎಂದರೆ ಮುಗಿಯಿತು.

ಊಟ ಮುಗಿಸಿ, ಗ್ರಂಥಾಲಯದ ಒಳಮೆಟ್ಟಿಲ ತಿರುವಿನಲ್ಲಿ, ಉದ್ದ ಕಿಟಕಿಯ ಕೆಳಗೆ ಕುಳಿತರು. ಪರೀಕ್ಷೆಯ ದಿನಗಳಲ್ಲಿ ಅದು ಇವರದೇ ಜಾಗ. ಮಧ್ಯದ ಮೆಟ್ಟಿಲು ಇವಳದು. ಹಿಂದಿನಿಂದ ಗಂಟೆಯ ಮೊಣಕಾಲು ಬೆನ್ನಿಗೆ ತಾಗುತ್ತಿತ್ತು, ಮುಂದೆ ಗುಬ್ಬಿಯ ಹೆಗಲು. ಇವಳು ಹಾಯಾಗಿ ಹಿಂದಕ್ಕೆ ಒರಗಿದಳು.

"ಪರದೆಗೆ ಅಳತೆ ಹಾಕ್ತಿದ್ದೆ ಕಣ್ರೇ, ನೀವು ಬಂದಾಗ" ಎಂದಳು. "ತಿಳಿ ಹಸಿರು. ಅವರಿಗೆ ಆ ಬಣ್ಣ ಆಗ್ತಿತ್ತು. ಆಸ್ಪತ್ರೇಲಿ ಕೊನೇ ವಾರ ನೋಡಿ, ಮಂಚದ ಸುತ್ತ ಹಸಿರು ಪರದೇನೇ ಇತ್ತು. ಇದನ್ಯಾರು ಹೊಲಿದಿದ್ದು, ಅಂಚು ಸೊಟ್ಟ ಇದೆ ನೋಡು ಅಂದ್ರು. ಮಾತಾಡಕ್ಕೆ ಉಸಿರಿಲ್ಲ, ಆದ್ರೂ ಅದನ್ನ ನೋಡಿದ್ರು. ನಾನಂದೆ, ಮನೆಗೆ ಬನ್ನಿ, ಇದಕ್ಕಿಂತ ನೆಟ್ಟಗೆ..."

"ಗುಬ್ಬೀ," ಗಂಟೆ ಹಿಂದಿನಿಂದ ಹೇಳಿದಳು, "ನಿನ್ನ ಕನ್ನಡಕ ಎಲ್ಲೇ?"

"ಅಯ್ಯೋ!" ಗುಬ್ಬಿಯ ಕೈ ಮೂಗಿನ ಮೇಲೆ ಹೋಯಿತು. "ಕ್ಯಾಂಟೀನಲ್ಲೇ ಬಿಟ್ಟೆ ಅನ್ಸುತ್ತೆ. ಬಾರೇ, ನೋಡ್ಕೊಂಡು ಬರೋಣ. ಸೂಜೀ, ನೀನಿಲ್ಲೇ ಕೂತಿರು, ಬ್ಯಾಗು ನೋಡ್ಕೋ."

ಇಬ್ಬರೂ ಇಳಿದು ಹೋದರು.

ಇವಳು ಅಭ್ಯಾಸದಂತೆ ಎದ್ದು ಮೆಟ್ಟಿಲ ಮೇಲೆ, ಬ್ಯಾಗುಗಳ ಸಂದಿಯಲ್ಲಿ ಕಣ್ಣಾಡಿಸಿದಳು. ಹುಡುಕುತ್ತಿದ್ದವಳು ಯಾವಾಗಲೂ ಇವಳೇ. ಒಂದು ಬ್ಯಾಗನ್ನು ಎತ್ತಿಯೂ ಬಿಟ್ಟಳು. ಆಮೇಲೆ ಕೈ ನಿಂತಿತು.

ಯಾವ ಕನ್ನಡಕ?

ಕಿಟಕಿಯಿಂದ ಕ್ಯಾಂಟೀನು ಚೆನ್ನಾಗಿ ಕಾಣುತ್ತಿತ್ತು. ಅವರು ಒಳಗೆ ಹೋಗಲಿಲ್ಲ. ಹೊರಗಿನ ಮರದಡಿ ಟೀ ಲೋಟ ಹಿಡಿದು ನಿಂತರು. ಗಂಟೆ ಏನೋ ಹೇಳಿದಳು. ಗುಬ್ಬಿ ಹಣೆ ಚಚ್ಚಿಕೊಳ್ಳುವಂತೆ ಮಾಡಿ, ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಸೈಕಲ್ ಸ್ಟ್ಯಾಂಡಿನಿಂದ ತಪ್ಪಿಸಿಕೊಂಡು ಬಂದಾಗ ನಕ್ಕಿದ್ದೂ ಹೀಗೆಯೇ. ಆಗ ಮೂವರಿದ್ದರು.

ಇವಳು ನಿಧಾನವಾಗಿ ಮೆಟ್ಟಿಲ ಮೇಲೆ ಕುಳಿತಳು. ಒಂದು ದಾರ ಎಳೆದರೆ ಅಂಚಿನ ಹೊಲಿಗೆಯೆಲ್ಲ ಸರಸರ ಬಿಚ್ಚಿಕೊಳ್ಳುವಂತೆ ಹಳೆಯದೆಲ್ಲ ಬಿಚ್ಚಿಕೊಂಡು ಬಂತು. ಗಂಡ ತೀರಿಕೊಂಡ ವಾರ ಇವರಿಬ್ಬರೂ ಬಂದು ಜೊತೆಗಿದ್ದರು. ಆ ರಾತ್ರಿಯ ಕಥೆ ಹೇಳುತ್ತಿದ್ದಾಗ ಗಂಟೆ ಇದೇ ಮಾತು ಕೇಳಿದ್ದಳು, ಗುಬ್ಬಿ ಎದ್ದು ಹೋಗಿದ್ದಳು. ಇವಳು ಅಳು ನಿಲ್ಲಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು, ದಿಂಬು ಎತ್ತಿ, ಮಂಚದಡಿ ಬಗ್ಗಿ ಕನ್ನಡಕ ಹುಡುಕಿದ್ದಳು. ಮೂವರೂ ಒಟ್ಟಿಗೆ ಫೋನಿನಲ್ಲಿರುವಾಗಲೂ ಎಷ್ಟೋ ಸಲ ಅದು ಕಳೆದುಹೋಗುತ್ತಿತ್ತು, ಕರೆ ಅಲ್ಲಿಗೇ ಮುಗಿಯುತ್ತಿತ್ತು. ಪಾಪ, ಗುಬ್ಬಿಗೆ ಮರೆವು ಜಾಸ್ತಿ ಎಂದು ಮರುಗಿ ತಾನು ಚೀಲ ಹೊಲಿದಿದ್ದು. ಕೊರಳಿಗೆ ದಾರ ಬೇರೆ! ಅವರ ಕಣ್ಣಲ್ಲಿ ನೀರು ಬಂದಿದ್ದರಲ್ಲಿ ಆಶ್ಚರ್ಯವೇನು.

ತಾನು ಅತಿಯಾಗಿ ಹೇಳುತ್ತೇನೆಯೇ? ಹೇಳುತ್ತಿರಬಹುದು. ಆಸ್ಪತ್ರೆಯ ಪರದೆಯ ಕಥೆ ಇವರಿಗೆ ಹೊಸದಲ್ಲ. ಬೇರೆ ಯಾರ ಹತ್ತಿರ ಹೇಳಲಿ? ಸಾಕು ಬಾಯಿ ಮುಚ್ಚೇ ಅಂದಿದ್ದರೆ ಮುಚ್ಚುತ್ತಿದ್ದೆನಲ್ಲ. ಹಾಗೆ ಅನ್ನಲಿಲ್ಲ. ತನ್ನನ್ನು ಮೆಟ್ಟಿಲ ಮಧ್ಯದಲ್ಲಿ ಕೂರಿಸಿಕೊಂಡೇ, ಗೊತ್ತಾಗದಂತೆ ಸೈಕಲ್ ಸ್ಟ್ಯಾಂಡಿನ ಪಕ್ಕಕ್ಕೆ ನಿಲ್ಲಿಸಿಬಿಟ್ಟಿದ್ದರು.

ಅವರು ಮೆಟ್ಟಿಲೇರಿ ಬಂದರು. ಇವಳಿಗೊಂದು ಲೋಟ ಟೀ ತಂದಿದ್ದರು.

"ಸಿಕ್ತಾ?" ಇವಳು ಕೇಳಿದಳು.

"ಸಿಕ್ತು ಸಿಕ್ತು," ಗುಬ್ಬಿ ತನ್ನ ಬ್ಯಾಗನ್ನು ತಟ್ಟಿದಳು. "ಟೇಬಲ್ ಮೇಲೇ ಇತ್ತು."

ಇವಳು ಟೀ ಕುಡಿದಳು. ಚೆನ್ನಾಗಿಯೇ ಇತ್ತು. ಸಕ್ಕರೆ ಇವಳಿಗೆ ಎಷ್ಟು ಬೇಕೋ ಅಷ್ಟೇ ಹಾಕಿಸಿದ್ದರು. ಅದೇ ಹೆಚ್ಚು ನೋಯಿಸಿತು.

ವಾಪಸು ಬರುವಾಗ ಇವಳು ಕಾರಿನ ಹಿಂದಿನ ಸೀಟಿನಲ್ಲಿದ್ದಳು. ಮುಂದೆ ಅವರಿಬ್ಬರು ಸೈಕಲ್ ಸ್ಟ್ಯಾಂಡಿನ ನಡಿಗೆಯನ್ನು ಅಣಕಿಸುತ್ತಿದ್ದರು.

"ಗುಬ್ಬೀ, ಕಣ್ಣು ಹೇಗಿದೆ ಈಗ?" ಇವಳು ಕೇಳಿದಳು.

"ಫಸ್ಟ್ ಕ್ಲಾಸ್ ಕಣೇ! ಕನ್ನಡಕ ಇಲ್ದೆ ಪೇಪರ್ ಓದ್ತೀನಿ. ಬೇಕಾದ್ರೆ ನಿನ್ನ ಸೂಜಿಗೆ ದಾರ ಪೋಣಿಸಿ ಕೊಡ್ತೀನಿ. ಆ ಹಳೇ ಕನ್ನಡಕ ಮನೇಲಿ ಎಲ್ಲಿದೆಯೋ ಅದೂ ಗೊತ್ತಿ..."

ಗುಬ್ಬಿ ನಾಲಿಗೆ ಕಚ್ಚಿಕೊಂಡಳು. ಮುಂದಿನ ಕನ್ನಡಿಯಲ್ಲಿ ಗಂಟೆಯ ಕಣ್ಣು ಒಂದು ಕ್ಷಣ ಇವಳ ಕಣ್ಣಿಗೆ ಸಿಕ್ಕಿತು. ಇವಳು ಕಿಟಕಿಯ ಹೊರಗೆ, ಸಾಲು ಅಂಗಡಿಗಳ ಕಡೆ ನೋಡಿದಳು. ಗಂಟೆ ಕೈಚಾಚಿ ರೇಡಿಯೋ ಹಾಕಿದಳು. ಯಾರೋ ನಾಳೆಯ ಹವಾಮಾನ ಹೇಳುತ್ತಿದ್ದರು. ಬೇರೆ ದಿನವಾಗಿದ್ದರೆ ಆ ಹುಡುಗಿಯ ಉಚ್ಚಾರಣೆಯನ್ನು ಗಂಟೆ ಎಳೆಎಳೆಯಾಗಿ ಬಿಡಿಸಿಡುತ್ತಿದ್ದಳು. ಇವತ್ತು ದನಿಯನ್ನು ಇನ್ನಷ್ಟು ಏರಿಸಿದಳು.

ಮನೆಯ ಮುಂದೆ ಇಳಿದಾಗ ಗುಬ್ಬಿಯೂ ಇಳಿದು ಇವಳನ್ನು ಬಿಗಿಯಾಗಿ ತಬ್ಬಿಕೊಂಡಳು. "ಬೇಗ ಬಾರೇ. ನಿನ್ನ ಕೋಣೆ ದಿನಾ ಗುಡಿಸ್ತಾ ಇದ್ದೀನಿ."

"ಹೂಂ" ಎಂದಳು.

ಓನರಮ್ಮನ ಮನೆಯಲ್ಲಿ ದೀಪವಿತ್ತು, ಬಾಗಿಲು ಅರ್ಧ ತೆರೆದಿತ್ತು. ಇವಳು ಅದನ್ನು ದಾಟಿ ಮೇಲೆ ಬಂದಳು. ಬಟ್ಟೆ ಬಿಟ್ಟಂತೆಯೇ ಹಾಸಿಕೊಂಡಿತ್ತು, ತಿಳಿ ಹಸಿರು, ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ. ಕೈಕಾಲು ತೊಳೆದು, ಅನ್ನಕ್ಕಿಡಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತಾಗ ಫೋನ್ ಬಂತು. ಗಂಟೆ.

"ತಲೆನೋವೇನೇ? ಕಾರಲ್ಲಿ ಮಾತೇ ಆಡ್ಲಿಲ್ಲ."

"ಇಲ್ಲ, ಸುಸ್ತು ಅಷ್ಟೇ."

"ಅಲ್ಲ ಕಣೇ... ಗುಬ್ಬಿ ಏನೋ ಒದರಿದ್ಲು. ಅವಳ ಬಾಯಿ ನಿಂಗೆ ಗೊತ್ತಲ್ಲ. ನೀನೇನೂ ಮನಸ್ಸಿಗೆ ಹಚ್ಕೊಂಡಿಲ್ಲ ತಾನೆ?"

ಹಚ್ಚಿಕೊಳ್ಳುವಂಥದ್ದು ಏನಿತ್ತು ಎಂದು ಕೇಳಿದ್ದರೆ ಸಾಕಿತ್ತು, ಗಂಟೆ ಎಲ್ಲ ಹೇಳಿಬಿಡುತ್ತಿದ್ದಳು. ಅಳುತ್ತಿದ್ದಳು ಕೂಡ. ಮೂವರೂ ಅತ್ತು, ಕೊನೆಗೆ ನಕ್ಕು, ಮುಂದಿನ ವರ್ಷದ ಹೊತ್ತಿಗೆ ಇದೂ ಒಲೆಯ ಕಥೆಯ ಜೊತೆ ಸೇರಿಹೋಗುತ್ತಿತ್ತು. ಆದರೆ ಆಮೇಲೆ ಆ ಮಹಡಿಯಲ್ಲಿ ದಿನಾ ಬಾಯಿ ತೆರೆಯುವ ಮೊದಲು ಇವಳು ಅವರಿಬ್ಬರ ಮುಖ ನೋಡಬೇಕು. ಈ ಸಲ ಏನು ಕಳೆದುಹೋಗಿದೆ ಎಂದು ಕಾಯುತ್ತಿರಬೇಕು.

"ಏನನ್ನ?" ಎಂದಳು ಇವಳು, ದನಿಯಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲದೆ.

"ಏನಿಲ್ಲ ಬಿಡು. ಪರದೆ ಆಯ್ತಾ?"

"ಈಗ ಕತ್ತರಿಸ್ತೀನಿ. ಇಡ್ಲಾ ಗಂಟೆ, ಒಲೆ ಆರಿಸಬೇಕು."

ಇವಳು ಫೋನ್ ಇಟ್ಟಳು. ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು, ಬೆಳಿಗ್ಗೆಯಿಂದ ಹಚ್ಚಿರಲಿಲ್ಲ.

ಕೆಳಗಿನಿಂದ ಓನರಮ್ಮ ಕೂಗಿದರು. "ಬಂದ್ರೇನ್ರೀ? ಏನಾದ್ರೂ ಹೇಳೋದಿತ್ತಾ?"

"ಇಲ್ಲಮ್ಮ," ಎಂದಳು, ಮೆಟ್ಟಿಲ ತಲೆಯಲ್ಲಿ ನಿಂತು. "ಹೇಳೋದೇನೂ ಇಲ್ಲ."

ಒಳಗೆ ಬಂದು, ಕುರ್ಚಿ ಎಳೆದುಕೊಂಡು ಹತ್ತಿ, ತನ್ನ ಗಿಡ್ಡ ಕಿಟಕಿಗೆ ಟೇಪು ಹಿಡಿದಳು. ಇಳಿದು, ಬಟ್ಟೆಯ ಮೇಲಿದ್ದ ಬೆಳಗಿನ ಗುರುತನ್ನು ಅಂಗೈಯಿಂದ ಉಜ್ಜಿ ಅಳಿಸಿದಳು. ಕೆಂಪು ಚೀಲದಿಂದ ಸೀಮೆಸುಣ್ಣ ತೆಗೆದು ಹೊಸ ಗೆರೆ ಎಳೆದಳು. ಇನ್ನೊಂದು ಸಲ ಅಳೆಯಲಿಲ್ಲ. ಕತ್ತರಿ ಹಾಕಿದಳು.